ಸುರ್ಖಿಯ ಬಣ್ಣ, ತಲೆಬರಹದ ಹೊಣೆ

ಸುದ್ದಿಯ ಶೀರ್ಷಿಕೆಯನ್ನು ಉರ್ದುವಿನಲ್ಲಿ ‘ಸುರ್ಖಿ’ ಎನ್ನುತ್ತಾರೆ. ಸುರ್ಖ್ ಎಂದರೆ ಕೆಂಪು. ಹಸ್ತಪ್ರತಿಗಳ ಕಾಲದಲ್ಲಿ ಕಾತಿಬರು ಒಡಲ ಬರಹವನ್ನು ಕಪ್ಪು ಮಸಿಯಲ್ಲೂ ಶೀರ್ಷಿಕೆಯನ್ನು ಕೆಂಪು ಮಸಿಯಲ್ಲೂ ಬರೆಯುತ್ತಿದ್ದರು. ಹೆಸರು ಬಂದದ್ದು ಅದರಿಂದ. ಕನ್ನಡದಲ್ಲಿ ನಾವು ತಲೆಬರಹ ಎನ್ನುತ್ತೇವೆ. ಹಣೆಬರಹಕ್ಕೂ ನಮ್ಮಲ್ಲಿ ಅದೇ ಮಾತು. ಒಂದು ಭಾಷೆ ಶೀರ್ಷಿಕೆಯಲ್ಲಿ ಕಣ್ಣು ಸೆಳೆಯುವ ಬಣ್ಣವನ್ನು ಕಂಡಿತು, ಇನ್ನೊಂದು ಭಾಷೆ ವಿಧಿಯನ್ನೇ ಕಂಡಿತು. ಶೀರ್ಷಿಕೆಯ ಇತಿಹಾಸವೆಲ್ಲ ಈ ಎರಡು ಅರ್ಥಗಳ ನಡುವೆಯೇ ಇದೆ.

ಮೊದಮೊದಲು ಕನ್ನಡ ಪತ್ರಿಕೆಗಳಿಗೆ ಕಣ್ಣು ಸೆಳೆಯುವ ಆತುರವಿರಲಿಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ದಲ್ಲಿ ಸುದ್ದಿಗಳು ‘ಊರ ವರ್ತಮಾನ’, ‘ಸರ್ವರಾಜ್ಯ ವರ್ತಮಾನ’ ಎಂಬಂಥ ವಿಭಾಗಗಳಲ್ಲಿ ಬರುತ್ತಿದ್ದವು. ಯಾವ ಬಗೆಯ ಸುದ್ದಿ ಎಲ್ಲಿದೆ ಎಂದು ತೋರಿಸುವ ಕೈಮರಗಳಷ್ಟೇ ಅವು. ಮೈಸೂರಿನಲ್ಲಿ 1859ರಲ್ಲಿ ಭಾಷ್ಯಂ ಭಾಷ್ಯಾಚಾರ್ಯರು ‘ಮೈಸೂರು ವೃತ್ತಾಂತ ಬೋಧಿನಿ’ಯನ್ನು ಆರಂಭಿಸಿದರು. ಮುಂದೆ ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಪತ್ರಿಕೆಗಳನ್ನು ನಡೆಸಿದರು. ಪತ್ರಿಕೆಗಳ ಹೆಸರುಗಳನ್ನೇ ಗಮನಿಸಿ: ವೃತ್ತಾಂತ, ಬೋಧಿನಿ, ಚಿಂತಾಮಣಿ. ಓದುಗನನ್ನು ಬೆಚ್ಚಿಬೀಳಿಸುವ ಉದ್ದೇಶ ಅಲ್ಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳ ಮೇಲೆ ಕಠಿಣ ಕಾನೂನು ಹೇರಿತು. ಸರ್ಕಾರ ಹೆದರಿದ್ದು ದಪ್ಪಕ್ಷರಗಳಿಗಲ್ಲ, ಅವುಗಳ ಕೆಳಗಿನ ಟೀಕೆಗೆ.

ತಲೆಬರಹವನ್ನು ಹದ್ದಿನಲ್ಲಿಟ್ಟ ಇನ್ನೊಂದು ಶಕ್ತಿ ಸೀಸದ ಮೊಳೆ. ದೊಡ್ಡಕ್ಷರದ ಮೊಳೆಗಳು ಪ್ರೆಸ್ಸಿನಲ್ಲಿ ಎಣಿಕೆಯಷ್ಟೇ ಇರುತ್ತಿದ್ದವು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೂ ಜಾಗ ಬೇಡುತ್ತವೆ. ಪದ ಕಾಲಂನ ಅಗಲಕ್ಕೆ ಹೊಂದದಿದ್ದರೆ ಬೇರೆ ಪದ ಹುಡುಕಲೇಬೇಕು. ಹೀಗೆ ಒಂದೊಂದು ಪದವನ್ನೂ ತೂಗಿ ಇಡುವುದು ಕಸುಬಿನ ಅಭ್ಯಾಸವಾಯಿತು. 1970ರ ಜುಲೈ 14ರಂದು ಪಂಡಿತ ವರದರಾಜ ಅಯ್ಯಂಗಾರರು ಮೈಸೂರಿನಲ್ಲಿ ಆರಂಭಿಸಿದ ಸಂಸ್ಕೃತ ದಿನಪತ್ರಿಕೆ ‘ಸುಧರ್ಮಾ’ ಕೂಡ ಕೈಯಲ್ಲಿ ಮೊಳೆ ಜೋಡಿಸಿಯೇ ಅಚ್ಚಾಗುತ್ತಿತ್ತು. 2009ರಲ್ಲಿ ಅದು ಅಂತರಜಾಲಕ್ಕೂ ಬಂತು.

ನಂತರದ್ದು ಪೈಪೋಟಿಯ ಕಾಲ. 1972ರಲ್ಲಿ ಧಾರವಾಡದಲ್ಲಿ ಹುಟ್ಟಿದ ರಾಜಶೇಖರ ಕೋಟಿಯವರ ‘ಆಂದೋಲನ’ ಮೈಸೂರಿಗೆ ಬಂದು ನೆಲೆಸಿತು. 1978ರಲ್ಲಿ ಕೆ.ಬಿ. ಗಣಪತಿಯವರು ‘ಮೈಸೂರು ಮಿತ್ರ’ ಮತ್ತು ‘ಸ್ಟಾರ್ ಆಫ್ ಮೈಸೂರ್’ ಆರಂಭಿಸಿದರು. 1980ರಲ್ಲಿ ಬೆಂಗಳೂರಿನಿಂದ ‘ಲಂಕೇಶ್ ಪತ್ರಿಕೆ’ ಬಂತು. ಪೆಟ್ಟಿಗೆ ಅಂಗಡಿಯ ಮುಂದೆ ದಾರಕ್ಕೆ ತೂಗುಹಾಕಿದ ವಾರಪತ್ರಿಕೆಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಮುಖಪುಟದ ಶೀರ್ಷಿಕೆಯೇ ತೀರ್ಮಾನಿಸತೊಡಗಿತು. ಸುರ್ಖಿ ನಿಜಕ್ಕೂ ಕೆಂಪಾಯಿತು. ಆದರೂ ಒಂದು ಕಡಿವಾಣ ಉಳಿದಿತ್ತು. ಕಾಸು ಕೊಟ್ಟು ಕೊಂಡವನು ಒಳಗೆ ಹುರುಳಿಲ್ಲದ್ದನ್ನು ಕಂಡರೆ ಮುಂದಿನ ವಾರ ಕೊಳ್ಳುತ್ತಿರಲಿಲ್ಲ.

ಅಂತರಜಾಲದಲ್ಲಿ ಆ ಕಡಿವಾಣ ಸಡಿಲವಾಯಿತು. ಅಲ್ಲಿ ಓದುಗ ಬೆರಳಿಟ್ಟ ಕ್ಷಣವೇ ಲೆಕ್ಕಕ್ಕೆ ಸೇರುತ್ತದೆ, ಓದಿ ಮುಗಿಸಬೇಕೆಂದಿಲ್ಲ. ಒಂದೇ ಸುದ್ದಿಗೆ ಎರಡು ಶೀರ್ಷಿಕೆ ಕೊಟ್ಟು, ಹೆಚ್ಚು ಬೆರಳು ಬಿದ್ದದ್ದನ್ನು ಉಳಿಸಿಕೊಳ್ಳುವ ಯಂತ್ರವಿದ್ಯೆಯೂ ಬಂತು. ಅಮೆರಿಕದ ‘ಅಪ್‌ವರ್ದಿ’ ತಾಣವಂತೂ ಒಂದೊಂದು ವಿಷಯಕ್ಕೆ 25 ಶೀರ್ಷಿಕೆ ಬರೆಸಿ ಒಂದನ್ನು ಆಯುತ್ತಿತ್ತು.

ನಮ್ಮೂರಿನ ಒಂದು ಘಟನೆಯನ್ನೇ ತೆಗೆದುಕೊಳ್ಳೋಣ. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆ ಕಟ್ಟಡದ ಒಂದು ಭಾಗ ಕುಸಿಯಿತು. ‘ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿತ’ ಎಂದು ಬರೆದರೆ ಎಲ್ಲಿ, ಏನು, ಎಷ್ಟು ಎಂಬ ಮೂರೂ ತಿಳಿಯುತ್ತವೆ. ಇದನ್ನೇ ‘ಮೈಸೂರಿನ ಈ ಮಾರುಕಟ್ಟೆಯಲ್ಲಿ ನಡೆದದ್ದು ಕೇಳಿದರೆ ಬೆಚ್ಚಿಬೀಳುತ್ತೀರಿ’ ಎಂದೂ ಬರೆಯಬಹುದು. ಈ ಎರಡನೆಯದರಲ್ಲಿ ಸುಳ್ಳೇನೂ ಇಲ್ಲ, ಆದರೆ ಸುದ್ದಿಯೂ ಇಲ್ಲ. ತಿಳಿಸಬೇಕಾದದ್ದನ್ನೇ ಬಚ್ಚಿಟ್ಟು ಆತಂಕವನ್ನಷ್ಟೇ ಹಂಚಿದೆ. ಆ ಮಾರುಕಟ್ಟೆಯಲ್ಲಿ ಹೂವು ಮಾರುವವನ ಮಗ ದೂರದ ಊರಿನಲ್ಲಿ ದುಡಿಯುತ್ತಿದ್ದರೆ, ಅವನಿಗೆ ಉಸಿರು ಮರಳಿಸುವುದು ‘ಒಂದು ಭಾಗ’ ಎಂಬ ಎರಡು ಪದಗಳೇ. ಇನ್ನು ‘ಕುಸಿತಕ್ಕೆ ವ್ಯಾಪಾರಿಗಳೇ ಕಾರಣ?’ ಎಂದು ಬರೆದರಂತೂ ಮುಗಿಯಿತು. ಪ್ರಶ್ನಾರ್ಥಕ ಚಿಹ್ನೆಯ ಮರೆಯಲ್ಲಿ ಒಂದು ಆರೋಪ ಸಲೀಸಾಗಿ ದಾಟಿಹೋಗುತ್ತದೆ.

ಒಳಗೆ ಓದಿದರೆ ನಿಜ ತಿಳಿಯುತ್ತದಲ್ಲ ಎಂದು ನೀವು ಕೇಳಬಹುದು. ಎಷ್ಟು ಜನ ಓದುತ್ತಾರೆ ಎಂಬುದೇ ಪ್ರಶ್ನೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟ್ವಿಟರ್‌ನಲ್ಲಿ ಹಂಚಿಕೊಂಡಿದ್ದ ಸುದ್ದಿಯ ಕೊಂಡಿಗಳ ಪೈಕಿ ಶೇ. 59ನ್ನು ಯಾರೂ ತೆರೆದೇ ಇರಲಿಲ್ಲ. ಅಂದರೆ ಬಹಳಷ್ಟು ಮಂದಿಯ ಪಾಲಿಗೆ ಶೀರ್ಷಿಕೆಯೇ ಸುದ್ದಿ. ಹಾಗಿದ್ದ ಮೇಲೆ, ನಿಜವನ್ನು ಒಳಗಿನ ಐದನೆಯ ಪ್ಯಾರಾಕ್ಕೆ ಬಿಟ್ಟು ಶೀರ್ಷಿಕೆಯಲ್ಲಿ ಆಟವಾಡುವ ಹಕ್ಕು ಯಾರಿಗೂ ಇಲ್ಲ.

ಭಾರತೀಯ ಪತ್ರಿಕಾ ಮಂಡಳಿಯ ವೃತ್ತಿ ನಿಯಮಗಳು ಇದನ್ನೇ ಹೇಳುತ್ತವೆ. ಶೀರ್ಷಿಕೆ ಪ್ರಚೋದಕವಾಗಿರಬಾರದು, ಕೆಳಗಿನ ಬರಹಕ್ಕೆ ತಕ್ಕುದಾಗಿರಬೇಕು. ಆರೋಪವಿದ್ದರೆ ಆರೋಪಿಸಿದವರು ಯಾರೆಂದು ಹೇಳಬೇಕು, ಇಲ್ಲವೇ ಉದ್ಧರಣ ಚಿಹ್ನೆಯನ್ನಾದರೂ ಹಾಕಬೇಕು. ಕಾಗದದ ಪತ್ರಿಕೆಗೆಂದು ರೂಪಿಸಿದ ನಿಯಮವಾದರೂ ಇಂದು ಅದರ ಅಗತ್ಯ ಮೊಬೈಲಿನ ಪರದೆಗೇ ಹೆಚ್ಚು.

ಹಾಗೆಂದು ಶೀರ್ಷಿಕೆ ಸಪ್ಪೆಯಾಗಿರಬೇಕಿಲ್ಲ. ಚುರುಕಾಗಿರಲಿ, ನಗಿಸಲಿ, ಕೆಣಕಲಿ. ಬರೆಯುವವರು ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಈ ಸಾಲನ್ನಷ್ಟೇ ಓದಿ ಎದ್ದುಹೋದವನ ತಲೆಯಲ್ಲಿ ಉಳಿಯುವುದು ನಿಜವೇ? ಓದುಗರಾದ ನಮ್ಮ ಪಾಲಿನ ಕೆಲಸ ಇನ್ನೂ ಸುಲಭ. ತೆರೆದು ಓದದ ಸುದ್ದಿಯನ್ನು ಮತ್ತೊಬ್ಬರಿಗೆ ಕಳುಹಿಸದಿರುವುದು. ಆ ಒಂದು ಸಾಲಿನಲ್ಲಿ ಯಾರದೋ ಅಂಗಡಿ, ಯಾರದೋ ಮನೆ, ಯಾರದೋ ಮಾನ ಇರುತ್ತದೆ.