ಕೈಯಿಂದ ಕೈಗೆ ಬೈಸಿಕಲ್ಲು

ಹೋದ ತಿಂಗಳು ನಾನು ಒಂದು ಬೈಸಿಕಲ್ಲನ್ನು ಮಾರಿದೆ. ಇದು ಚರಿತ್ರೆಗೆ ಸೇರುವಂಥ ಸಂಗತಿಯೇ ಎಂದು ವಾಚಕರು ಹುಬ್ಬೇರಿಸಬಹುದು. ಮೊದಲು ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಹತ್ತು ದಿನ ನಡೆದ ಆ ವ್ಯಾಪಾರದಲ್ಲಿ ನನ್ನನ್ನು ಕಾಡಿದ ಪ್ರಶ್ನೆ ನನ್ನ ತಂದೆಯ ಕಾಲದ್ದು; ಬಹುಶಃ ಅವರ ತಂದೆಯ ಕಾಲದ್ದು ಕೂಡ. ಈ ಗಾಡಿ ನನ್ನದೇ ಎಂದು ನಾನು ಹೇಳಿದರೆ ಗುರುತಿಲ್ಲದ ಮನುಷ್ಯ ಅದನ್ನು ಏಕೆ ನಂಬಬೇಕು? ದುಡ್ಡು ಕೊಡುತ್ತೇನೆಂದು ಅವನು ಹೇಳಿದರೆ ನಾನೇಕೆ ನಂಬಬೇಕು?

ಮೊಮ್ಮಗ ಓದಿಗೆಂದು ಹೊರದೇಶಕ್ಕೆ ಹೋದ. ಅವನ ಗೇರ್ ಸೈಕಲ್ಲು ಮಹಡಿಯ ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತಿತ್ತು. "ಮಾವ, ಫೋನಿನಲ್ಲಿ ಹಾಕಿಬಿಡೋಣ, ಸಂಜೆಯೊಳಗೆ ಹೋಗುತ್ತೆ" ಎಂದಳು ಸೊಸೆ. ನಾಲ್ಕು ಫೋಟೋ, ಎರಡು ಸಾಲು ಬರಹ, ಒಂಬತ್ತು ಸಾವಿರ ರೂಪಾಯಿ ಬೆಲೆ. ಕಾಫಿ ಆರುವುದರೊಳಗೆ ಜಾಹೀರಾತು ಊರಿಗೆಲ್ಲ ಕಾಣಿಸಿತು. ಇಪ್ಪತ್ತೇ ನಿಮಿಷಕ್ಕೆ ಒಂದು ಕರೆ. ಆತ ತಾನು ಸೈನ್ಯದಲ್ಲಿರುವವನೆಂದ. ವರ್ಗವಾಗಿ ಬೆಂಗಳೂರಿಗೆ ಬರುತ್ತಿದ್ದೇನೆ, ಗಾಡಿಯನ್ನು ನೋಡಲು ಬಿಡುವಿಲ್ಲ, ಹಣವನ್ನು ಮುಂಚೆಯೇ ಕಳಿಸುತ್ತೇನೆ ಎಂದ. "ನಾನು ಕಳಿಸುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ನಿಮ್ಮ ಪಿನ್ ಒತ್ತಿ, ಸರ್. ಒಂಬತ್ತು ಸಾವಿರ ನಿಮ್ಮ ಖಾತೆಗೆ ಬರುತ್ತದೆ." ಸೊಸೆ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಹಣ ಕೊಡುವುದಕ್ಕೆ ಪಿನ್ ಬೇಕೇ ಹೊರತು ಪಡೆಯುವುದಕ್ಕೆ ಬೇಡ ಎಂಬ ಪಾಠ ನನಗೆ ಅಂದು ಆಯಿತು. ಸೈನಿಕನ ಹೆಸರಿನಲ್ಲಿ ನಡೆಯುವ ಈ ಮೋಸ ದೇಶದಲ್ಲೆಲ್ಲ ಪ್ರಸಿದ್ಧವಂತೆ. ನಿಜ ಹೇಳಬೇಕೆಂದರೆ, ನನಗೆ ಅನುಮಾನ ಹುಟ್ಟಿದ್ದು ಪಿನ್ನಿನ ವಿಷಯದಲ್ಲಲ್ಲ. ಆತ ಬ್ರೇಕು ಹಿಡಿಯುತ್ತದೆಯೇ ಎಂದು ಕೇಳಲಿಲ್ಲ. ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. ಹಳೆಯ ಸೈಕಲ್ಲನ್ನು ಹಾಗೆ ಕೊಳ್ಳುವ ಮನುಷ್ಯನನ್ನು ನನ್ನ ಎಪ್ಪತ್ತೆರಡು ವರ್ಷಗಳಲ್ಲಿ ನಾನು ಕಂಡಿರಲಿಲ್ಲ.

ಕೊಳ್ಳುವ ರೀತಿಯೆಂದರೆ ಏನೆಂಬುದನ್ನು ನಾನು 1962ರಲ್ಲಿ ಹಾಸನದಲ್ಲಿ ನೋಡಿದ್ದೆ. ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ಹೊಸ ಸೈಕಲ್ಲು ಅವರ ಕೈಗೆ ಎಟುಕುವ ಮಾತಾಗಿರಲಿಲ್ಲ. ನಮ್ಮ ಬೀದಿಯ ತುದಿಯಲ್ಲಿ ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ಲು ಕೊಡುವ ಅಂಗಡಿಯೊಂದಿತ್ತು. ಅದರ ಯಜಮಾನರನ್ನು ಊರೆಲ್ಲ ಸಾಬರೆಂದೇ ಕರೆಯುತ್ತಿತ್ತು. ಯಾರ ಮನೆಯಲ್ಲಿ ಯಾವ ಸೈಕಲ್ಲಿದೆ, ಅದು ಯಾವಾಗ ಬಿದ್ದಿತು, ಅದರ ಫೋರ್ಕು ಎಂದು ಬದಲಾಯಿತು, ಎಲ್ಲವೂ ಅವರ ನಾಲಗೆಯ ತುದಿಯಲ್ಲಿ. ತಂದೆಗಾಗಿ ಅವರೊಂದು ಹರ್ಕ್ಯುಲಿಸ್ ನೋಡಿಟ್ಟಿದ್ದರು. ನಾವು ಹೋದಾಗ ಮೊದಲು ಅವರು ಮಾಡಿದ ಕೆಲಸವೆಂದರೆ ಅದನ್ನು ತಲೆಕೆಳಗು ಮಾಡಿ ಸೀಟು ಹ್ಯಾಂಡಲುಗಳ ಮೇಲೆ ನಿಲ್ಲಿಸಿದ್ದು. ಹಿಂದಿನ ಚಕ್ರವನ್ನು ತಿರುಗಿಸಿ, ರಿಮ್ಮಿನ ಪಕ್ಕದಲ್ಲಿ ಸೀಮೆಸುಣ್ಣದ ಚೂರು ಹಿಡಿದರು. ಬೆಂಡಾದ ಕಡೆಯಲ್ಲಿ ಮಾತ್ರ ಬಿಳಿಯ ಗೆರೆ ಬಿತ್ತು. ಮುಂದಿನ ಚಕ್ರದ 32 ಕಡ್ಡಿ, ಹಿಂದಿನದರ 40 ಕಡ್ಡಿ ಎಲ್ಲವನ್ನೂ ಬೆರಳಿನಿಂದ ಮೀಟಿ ಸದ್ದು ಕೇಳಿದರು. ಪೆಡಲಿನ ಕ್ರಾಂಕನ್ನು ಅಲುಗಿಸಿದರು. ಕೊನೆಗೆ, "ಮೇಷ್ಟ್ರೇ, ಇದು ಕಚೇರಿ ಗುಮಾಸ್ತರ ಗಾಡಿ, ಕದ್ದ ಮಾಲಲ್ಲ. ನಾನು ಜವಾಬು" ಎಂದರು. ತೊಂಬತ್ತು ರೂಪಾಯಿ, ಮೂರು ಕಂತಿನಲ್ಲಿ. ಆ ದಿನ ತಂದೆ ಕೊಂಡದ್ದು ಸೈಕಲ್ಲನ್ನಲ್ಲ, ಸಾಬರ ಆ ಒಂದು ಮಾತನ್ನು ಎಂದು ಈಗ ನನಗೆ ತೋರುತ್ತದೆ.

ಬೈಸಿಕಲ್ಲು ಬಡವನ ವಾಹನವೆಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಹುಟ್ಟುವಾಗ ಅದು ಹಾಗಿರಲಿಲ್ಲ. 1817ರಲ್ಲಿ ಜರ್ಮನಿಯ ಮಾನ್‌ಹೈಮಿನಲ್ಲಿ ಕಾರ್ಲ್ ಡ್ರೈಸ್ ಎಂಬಾತ ನೆಲಕ್ಕೆ ಕಾಲೊದ್ದು ಓಡಿಸುವ ಎರಡು ಗಾಲಿಯ ಮರದ ಗಾಡಿ ಮಾಡಿದಾಗ ಅದು ಸ್ಥಿತಿವಂತರ ಆಟಿಕೆ. ಇಂದಿನ ಆಕಾರ ಬಂದದ್ದು 1885ರಲ್ಲಿ, ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಸಮನಾದ ಎರಡು ಚಕ್ರಗಳ, ಚೈನಿನಿಂದ ಓಡುವ ರೋವರ್ ಗಾಡಿಯನ್ನು ಹೊರತಂದಾಗ. 1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟೈರು ಕೊಟ್ಟ ಮೇಲೆ ಎಲುಬು ಕುಲುಕುವುದು ನಿಂತಿತು. 1890ರ ದಶಕದ ನಡುವಿನಲ್ಲಿ ಯೂರೋಪು ಅಮೆರಿಕಗಳ ಶ್ರೀಮಂತರಿಗೆ ಬೈಸಿಕಲ್ಲಿನ ಹುಚ್ಚೇ ಹಿಡಿಯಿತು. ಕಾರ್ಖಾನೆಗಳು ಅಳತೆ ಮೀರಿ ಮಾಡಿ ಹಾಕಿದವು. ಹುಚ್ಚು ಇಳಿಯಿತು, ಬೆಲೆ ಕುಸಿಯಿತು, ದೊಡ್ಡವರು ಕೈಬಿಟ್ಟ ಗಾಡಿಗಳು ಗುಮಾಸ್ತರ, ಕೂಲಿಗಾರರ ಕೈ ಸೇರಿದವು. ಎಂದರೆ, ಬೈಸಿಕಲ್ಲನ್ನು ಜನಸಾಮಾನ್ಯರದ್ದು ಮಾಡಿದ ಪುಣ್ಯದಲ್ಲಿ ಕಾರ್ಖಾನೆಗೆಷ್ಟು ಪಾಲೋ ಸೆಕೆಂಡ್ ಹ್ಯಾಂಡ್ ವ್ಯಾಪಾರಕ್ಕೂ ಅಷ್ಟೇ ಪಾಲು. ಇದನ್ನು ಚರಿತ್ರೆಕಾರರು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಬೇಕೆಂದು ನನ್ನ ಆಶೆ.

ನಮ್ಮಲ್ಲಿಯೂ ಹಾಗೆಯೇ ಆಯಿತು. ರ್‍ಯಾಲಿ, ಬಿ.ಎಸ್.ಎ., ಹರ್ಕ್ಯುಲಿಸ್ ಎಲ್ಲ ಹಡಗಿನಲ್ಲಿ ಬಂದ ಸರಕು. ಎರಡನೆಯ ಮಹಾಯುದ್ಧದ ಕಾಲಕ್ಕೆ ಆಮದು ಬತ್ತಿತು. 1942ರಲ್ಲಿ ಮಲಯ ಜಪಾನೀಯರ ವಶವಾದಾಗ ರಬ್ಬರಿಗೂ ತತ್ವಾರವಾಯಿತು. ಇದ್ದ ಗಾಡಿಯನ್ನೇ ತೇಪೆ ಹಾಕಿ ಓಡಿಸಬೇಕು, ಇಲ್ಲವೇ ನಡೆಯಬೇಕು. ಸ್ವಾತಂತ್ರ್ಯ ಬಂದ ಮೇಲೆ ನಮ್ಮವೇ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು: ಮದರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನೆಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ. ಅಸನ್‌ಸೋಲಿನ ಸೆನ್-ರ್‍ಯಾಲಿ ಕೂಡ ಆ ಕಾಲದ್ದೇ. ಇಷ್ಟಾದರೂ ಆಂಗ್ಲ ರೋಡ್‌ಸ್ಟರಿನ ಅಚ್ಚು ಮಾತ್ರ ಬದಲಾಗಲಿಲ್ಲ. 28 ಅಂಗುಲದ ಗಾಲಿ, ಕಾಟರ್ ಪಿನ್ನಿನ ಕ್ರಾಂಕು, ಹಿತ್ತಾಳೆಯ ಬೆಸುಗೆಯಿಂದ ಕೂಡಿಸಿದ ಉಕ್ಕಿನ ಕೊಳವೆ. ಲೂಧಿಯಾನದ ಬಿಡಿಭಾಗ ಬರ್ಮಿಂಗ್‌ಹ್ಯಾಮಿನ ಗಾಡಿಗೆ ಕೂರುತ್ತಿತ್ತು. ಬಾಗಿದ ಫ್ರೇಮನ್ನು ಯಾವ ಊರಿನ ಮೇಸ್ತ್ರಿಯೂ ನೆಟ್ಟಗೆ ಮಾಡಬಲ್ಲವನಾಗಿದ್ದ. ತಂದೆಯ ಹರ್ಕ್ಯುಲಿಸ್ ನಮ್ಮ ಮನೆಯಲ್ಲಿ ಇಪ್ಪತ್ತೆರಡು ವರ್ಷವಿದ್ದು ಆಮೇಲೆ ಹಾಲಿನವನ ಕೈಗೆ ಹೋಯಿತು. ಮೊಮ್ಮಗನ ಸೈಕಲ್ಲಿನ ಫ್ರೇಮು ಅಲ್ಯೂಮಿನಿಯಮ್. ಹಗುರ, ಚೆಂದ, ಆದರೆ ಬೆಸುಗೆಯ ಬಳಿ ಒಮ್ಮೆ ಬಿರುಕು ಬಿಟ್ಟರೆ ಬೀದಿಯ ವೆಲ್ಡಿಂಗಿನವನಿಂದ ಅದು ಸರಿಹೋಗುವುದಿಲ್ಲ. ಆದುದರಿಂದ ಇಂದು ಹಳೆಯ ಸೈಕಲ್ಲು ಕೊಳ್ಳುವವನಿಗೆ ಅಂದಿಗಿಂತ ಹೆಚ್ಚು ಎಚ್ಚರ ಬೇಕು. ಬಣ್ಣದ ಕೆಳಗಿನ ಕೂದಲೆಳೆಯ ಗೆರೆ ಫೋನಿನ ಫೋಟೋದಲ್ಲಿ ಕಾಣುವುದೂ ಇಲ್ಲ.

ಸಾಬರ ಮಾತಿನ ಜೊತೆಗೆ ಅಂದು ಇನ್ನೊಂದು ಸಾಕ್ಷಿಯಿತ್ತು. ಅದು ನಗರಸಭೆಯ ಬಿಲ್ಲೆ. ವರ್ಷಕ್ಕೊಮ್ಮೆ ಕರ ಕಟ್ಟಿ ಪಡೆದು ಗಾಡಿಗೆ ಬಿಗಿಯಬೇಕಾಗಿದ್ದ ಲೋಹದ ತುಂಡು. ಅದರ ಮೇಲೆ ಊರ ಹೆಸರು, ವರ್ಷ, ನಂಬರು. ಬಿಲ್ಲೆಯಿಲ್ಲದೆ, ಕತ್ತಲಾದ ಮೇಲೆ ದೀಪವಿಲ್ಲದೆ, ಇಬ್ಬರನ್ನು ಕೂರಿಸಿಕೊಂಡು ಸಿಕ್ಕಿಬಿದ್ದರೆ ದಂಡ. ನಾವು ಹುಡುಗರು ಪೋಲೀಸಿನವನನ್ನು ಕಂಡು ಗಾಡಿಯಿಂದ ಹಾರಿ ತಳ್ಳಿಕೊಂಡು ಹೋದದ್ದಕ್ಕೆ ಲೆಕ್ಕವಿಲ್ಲ. ಆ ಬಿಲ್ಲೆಯನ್ನು ಶಪಿಸದ ಸವಾರನಿರಲಿಲ್ಲ. ಆದರೆ ಬಿಲ್ಲೆಯ ಜೊತೆಗೊಂದು ಚೀಟಿ ಬರುತ್ತಿತ್ತು. ಚೀಟಿಯಲ್ಲಿ ತಂದೆಯ ಹೆಸರಿತ್ತು. ಆ ಗುಮಾಸ್ತರು ಹಸ್ತಾಂತರಿಸುವಾಗ ತಮ್ಮ ಚೀಟಿಯನ್ನೂ ಕೊಟ್ಟಿದ್ದರು. ಕಾಲಕ್ರಮೇಣ ಊರುಗಳು ಈ ಕರವನ್ನು ಕೈಬಿಟ್ಟವು, ನಾವೆಲ್ಲ ಸಂತೋಷಪಟ್ಟೆವು. ಬೈಸಿಕಲ್ಲಿಗೆ ಇದ್ದ ಒಂದೇ ಒಂದು ಸರ್ಕಾರಿ ದಾಖಲೆಯೂ ಅದರೊಡನೆ ಹೋಯಿತೆಂಬುದು ಯಾರ ಗಮನಕ್ಕೂ ಬರಲಿಲ್ಲ. ಮೋಟಾರು ವಾಹನಕ್ಕೆ ನೋಂದಣಿ ಪುಸ್ತಕವಿದೆ, ಮನೆಗೆ ಖಾತೆಯಿದೆ, ನಾಯಿಗೂ ಲೈಸೆನ್ಸಿದೆ. ಮೂವತ್ತು ಸಾವಿರ ರೂಪಾಯಿಯ ಬೈಸಿಕಲ್ಲಿಗೆ ಕೊಂಡಾಗಿನ ರಸೀತಿಯ ಹೊರತು ಮತ್ತೇನೂ ಇಲ್ಲ. ಜಪಾನಿನಲ್ಲಿ ಹೀಗಲ್ಲ. ಅಲ್ಲಿ 1994ರಿಂದ ಪ್ರತಿ ಸೈಕಲ್ಲನ್ನೂ ಒಡೆಯನ ಹೆಸರಿನಲ್ಲಿ ನೋಂದಾಯಿಸಬೇಕೆಂದು ಕಾನೂನೇ ಇದೆ. ಮಾರಿದರೆ ಹೊಸಬನ ಹೆಸರಿಗೆ ನೋಂದಣಿ ಬದಲಾಗಬೇಕು.

ಕಾನೂನಿನ ಮಾತು ಬಂದದ್ದರಿಂದ ಒಂದು ವಿನೋದದ ಸಂಗತಿ. ಇಂಗ್ಲೆಂಡಿನಲ್ಲಿ ಬಹಳ ಹಳೆಯದೊಂದು ನಿಯಮವಿತ್ತು. ಬಹಿರಂಗ ಸಂತೆಯಲ್ಲಿ, ಸೂರ್ಯ ಹುಟ್ಟಿ ಮುಳುಗುವ ನಡುವೆ, ಪ್ರಾಮಾಣಿಕವಾಗಿ ಕೊಂಡ ಮಾಲು ಕದ್ದದ್ದೇ ಆಗಿದ್ದರೂ ಕೊಂಡವನದೇ ಆಗುತ್ತಿತ್ತು! ಹಾಡೇ ಹಗಲು ಎಲ್ಲರ ಕಣ್ಣೆದುರು ಮಾರಿದ ಮೇಲೆ ಕಳೆದುಕೊಂಡವನು ಬಂದು ನೋಡಿಕೊಳ್ಳಬಹುದಾಗಿತ್ತಲ್ಲ ಎಂಬುದು ಅದರ ಹಿಂದಿನ ವಾದ. ಇದನ್ನು ಅಲ್ಲಿನವರು ತೆಗೆದುಹಾಕಿದ್ದು 1994ರ ಕಾಯಿದೆಯಿಂದ. ನಮ್ಮ 1930ರ ಸರಕು ಮಾರಾಟ ಕಾಯಿದೆ ಇಂಥ ಸಂತೆಗೆ ಎಂದೂ ಎಡೆಗೊಡಲಿಲ್ಲ. ತನಗಿಲ್ಲದ ಹಕ್ಕನ್ನು ಮಾರುವವನು ಇನ್ನೊಬ್ಬನಿಗೆ ಕೊಡಲಾರ ಎಂಬುದು ಅದರ 27ನೆಯ ಪ್ರಕರಣದ ಮೂಲತತ್ತ್ವ. ಕದ್ದ ಸೈಕಲ್ಲನ್ನು ನೀವು ಏನೂ ಅರಿಯದೆ ಪೂರ್ಣ ಬೆಲೆ ಕೊಟ್ಟು ಕೊಂಡಿದ್ದರೂ ಒಡೆಯ ಬಂದು ಕೇಳಿದರೆ ಬಿಟ್ಟುಕೊಡಬೇಕು. ಅರಿತೇ ಕೊಂಡಿದ್ದರೆ ಅಪರಾಧ. ಅದು ಮೊದಲು ದಂಡ ಸಂಹಿತೆಯ 411ನೆಯ ಕಲಮಾಗಿತ್ತು, 2024ರ ಜುಲೈಯಿಂದ ನ್ಯಾಯ ಸಂಹಿತೆಯ 317ನೆಯದು. ಕಾನೂನು ಕೊಳ್ಳುವವನ ತಲೆಯ ಮೇಲೆ ಇಷ್ಟು ಭಾರ ಹೊರಿಸಿದೆ. ವಿಚಾರಿಸುವುದಕ್ಕೆ ಒಂದು ಕಚೇರಿಯನ್ನು ಮಾತ್ರ ತೋರಿಸಿಲ್ಲ.

ಉಳಿದಿರುವುದು ಫ್ರೇಮ್ ನಂಬರು. ಪೆಡಲಿನ ಬುಡದಲ್ಲಿ, ಗಾಡಿಯ ಹೊಟ್ಟೆಯ ಕೆಳಗೆ, ಲೋಹದಲ್ಲೇ ಕೊರೆದ ಅಂಕಿಗಳು. 1948ರ ಇಟಲಿಯ ಚಿತ್ರ 'ಬೈಸಿಕಲ್ ಥೀವ್ಸ್' ನೋಡಿದವರಿಗೆ ಇದರ ಬೆಲೆ ಗೊತ್ತು. ಕೆಲಸಕ್ಕೆ ಸೈಕಲ್ಲೇ ಬೇಕೆಂದು ಹಾಸಿಗೆಯ ಹೊದಿಕೆಗಳನ್ನು ಒತ್ತೆಯಿಟ್ಟು ಅದನ್ನು ಬಿಡಿಸಿಕೊಂಡ ಬಡವ, ಮೊದಲ ದಿನವೇ ಅದನ್ನು ಕಳೆದುಕೊಂಡು, ಮಗನ ಜೊತೆಗೆ ರೋಮಿನ ಹಳೆ ಸಾಮಾನಿನ ಸಂತೆಗೆ ಬರುತ್ತಾನೆ. ಅಲ್ಲಿ ಎಲ್ಲವೂ ಬಿಡಿಬಿಡಿ: ಟೈರಿನ ರಾಶಿ ಒಂದು ಕಡೆ, ಬೆಲ್ಲಿನ ರಾಶಿ ಒಂದು ಕಡೆ. ಫ್ರೇಮಿಗೆ ಬಣ್ಣ ಬಳಿಯುತ್ತಿರುವವನೊಬ್ಬನೊಡನೆ ಜಗಳವಾಗಿ, ಪೋಲೀಸಿನವನು ಬಂದು, ನಂಬರು ಓದುತ್ತಾರೆ. ಅದು ಬೇರೆ ನಂಬರು. 1952ರ ನಮ್ಮ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಈ ಚಿತ್ರ ಬಂದಾಗ ಇಲ್ಲಿನ ಪ್ರೇಕ್ಷಕರಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲವೆಂದು ನಾನು ನಂಬಿದ್ದೇನೆ. ಸೈಕಲ್ಲು ಹೋದರೆ ಸಂಬಳ ಹೋಯಿತೆನ್ನುವ ಮನೆಗಳು ಇಲ್ಲಿ ಬೇಕಾದಷ್ಟಿದ್ದವು.

ಇನ್ನು ಜಾಹೀರಾತು. ಭಾರತದ ಮೊದಲ ಪತ್ರಿಕೆಯೆಂದು ಹೇಳುವ, 1780ರ ಹಿಕ್ಕಿಯ ಬೆಂಗಾಲ್ ಗೆಜೆಟ್ಟು ತನ್ನ ಹೆಸರಿನಲ್ಲೇ 'ಕಲಕತ್ತೆಯ ಸಾಮಾನ್ಯ ಜಾಹೀರಾತುದಾರ' ಎಂದು ಸೇರಿಸಿಕೊಂಡಿತ್ತು. ಲಂಡನ್ನಿನ ಟೈಮ್ಸ್ 1966ರವರೆಗೂ ಮುಖಪುಟದಲ್ಲಿ ಸುದ್ದಿಯ ಬದಲು ಜಾಹೀರಾತನ್ನೇ ಹಾಕುತ್ತಿತ್ತು. ಪತ್ರಿಕೆಯಲ್ಲಿ ಪದಕ್ಕಿಷ್ಟು ಎಂದು ದರ. ಆದುದರಿಂದ ಮಾರುವವನು ಮಾತನ್ನು ಹಿಡಿದು ಆಡುತ್ತಿದ್ದ. ಅವನು ಕೌಂಟರಿಗೆ ಬಂದು, ವಿಳಾಸ ಬರೆದು, ದುಡ್ಡು ಕಟ್ಟಿ ಹೋಗುತ್ತಿದ್ದನೆಂಬುದೂ ಒಂದು ಬಗೆಯ ಜಾಮೀನು. ಆದರೆ ತೊಂಬತ್ತು ರೂಪಾಯಿಯ ಸೈಕಲ್ಲಿಗೆ ಜಾಹೀರಾತಿನ ಖರ್ಚು ಹೊರೆ. ಅದಕ್ಕೆ ಸಾಬರ ಅಂಗಡಿಯ ಬೆಂಚೇ ಸಾಕು.

1995ರಲ್ಲಿ ಅಮೆರಿಕದಲ್ಲಿ ಎರಡು ಕೆಲಸಗಳು ಶುರುವಾದವು. ಸ್ಯಾನ್‌ಫ್ರಾನ್ಸಿಸ್ಕೋದ ಕ್ರೇಗ್ ನ್ಯೂಮಾರ್ಕ್ ಸ್ನೇಹಿತರಿಗೆ ಕಳಿಸುತ್ತಿದ್ದ ಇಮೇಲ್ ಪಟ್ಟಿ ಕ್ರೇಗ್ಸ್‌ಲಿಸ್ಟ್ ಆಗಿ ಬೆಳೆದು ಅಲ್ಲಿನ ಪತ್ರಿಕೆಗಳ ವರ್ಗೀಕೃತ ಜಾಹೀರಾತಿನ ಆದಾಯವನ್ನು ಕರಗಿಸಿತು. ಅದೇ ವರ್ಷ ಪಿಯರ್ ಒಮಿಡ್ಯಾರ್ ಆರಂಭಿಸಿದ ಹರಾಜು ತಾಣ ಮುಂದೆ ಈಬೇ ಎನಿಸಿತು. ಗುರುತಿಲ್ಲದವರ ನಡುವೆ ನಂಬಿಕೆ ಹುಟ್ಟಿಸುವ ತೊಡಕನ್ನು ಒಮಿಡ್ಯಾರ್ ಬೇಗ ಕಂಡುಕೊಂಡ. ವ್ಯಾಪಾರ ಮುಗಿದ ಮೇಲೆ ಒಬ್ಬರ ಬಗ್ಗೆ ಒಬ್ಬರು ಅಭಿಪ್ರಾಯ ಬರೆಯುವ ಏರ್ಪಾಡು ಮಾಡಿದ. ಸಾಬರ ಮಾತಿಗೆ ಬದಲು ಸಾವಿರ ಜನರ ಮಾತು! ದಿನವೂ ಮಾರುವವನಿಗೆ ಅದು ಒಗ್ಗುತ್ತದೆ. ಆಯುಷ್ಯದಲ್ಲಿ ಒಂದು ಸೈಕಲ್ಲು ಮಾರುವ ನನ್ನಂಥವನ ಬಗ್ಗೆ ಯಾರು ಏನು ಬರೆದಿರುತ್ತಾರೆ? 2006ರಲ್ಲಿ ಓಎಲ್‌ಎಕ್ಸ್, 2008ರಲ್ಲಿ ಕ್ವಿಕರ್ ಹುಟ್ಟಿ, ನಮ್ಮ ನಗರಗಳ ಅಟ್ಟದ ಮೇಲಿನ ಸಾಮಾನೆಲ್ಲ ಬೆಳಕಿಗೆ ಬಂತು. ಪದಕ್ಕೆ ದರವಿಲ್ಲ, ಕೌಂಟರಿಗೆ ಹೋಗಬೇಕಿಲ್ಲ, ಹತ್ತು ಮೈಲಿಯಾಚೆಯ ಬಡಾವಣೆಯವನಿಗೂ ಕ್ಷಣದಲ್ಲಿ ಸುದ್ದಿ. 2020ರಲ್ಲಿ ಲಾಕ್‌ಡೌನ್ ಸಡಿಲಿದಾಗ ಹೊಸ ಸೈಕಲ್ಲು ಅಂಗಡಿಯಲ್ಲಿ ಸಿಗದೆ ಜನ ಹಳೆಯದಕ್ಕೆ ಮುಗಿಬಿದ್ದರು. ಅದೇ ವರ್ಷ ಜೂನ್ 3ರಂದು, ವಿಶ್ವ ಬೈಸಿಕಲ್ ದಿನದಂದೇ, ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿತು. ಮೊಮ್ಮಗನ ಗಾಡಿ ಆ ಬಿಸಿಯಲ್ಲಿ ಕೊಂಡದ್ದೇ.

ಆಶ್ಚರ್ಯವೆಂದರೆ, ನಗರಸಭೆಯ ಆ ಹಳೆಯ ಬಿಲ್ಲೆಗಳೂ ಇಂದು ಆನ್‌ಲೈನ್‌ನಲ್ಲಿ ಮಾರಾಟಕ್ಕಿವೆ. ಹಿತ್ತಾಳೆಯವನ್ನು ಸಂಗ್ರಾಹಕರು ಕೊಳ್ಳುತ್ತಾರೆ.

ನನ್ನ ವ್ಯಾಪಾರ ಮುಗಿದದ್ದು ಹತ್ತನೆಯ ದಿನ. ಮನೆಮನೆಗೆ ಊಟ ತಲುಪಿಸುವ ಹುಡುಗನೊಬ್ಬ ಬಂದ. ರಾಯಚೂರಿನ ಕಡೆಯವನು, ಬಾಡಿಗೆ ಸ್ಕೂಟರಿನ ದಿನದ ಬಾಡಿಗೆ ಕಟ್ಟಿ ಕೈಯಲ್ಲಿ ಏನೂ ಉಳಿಯುತ್ತಿಲ್ಲವೆಂದ. "ಅಜ್ಜಾರ, ಒಂದ್ಸಲ ನೋಡ್ಲೇನ್ರಿ?" ಎಂದು ಕೇಳಿ, ನಾನು ಹೂಂ ಎನ್ನುವುದರೊಳಗೆ ಗಾಡಿಯನ್ನು ಎತ್ತಿ ತಲೆಕೆಳಗು ನಿಲ್ಲಿಸಿದ. ಚಕ್ರ ತಿರುಗಿಸಿದ, ಕಡ್ಡಿ ಮೀಟಿದ, ಬೆಸುಗೆಗಳ ಮೇಲೆ ಬೆರಳಾಡಿಸಿದ. ಒಂಬತ್ತು ಸಾವಿರ ಆರೂವರೆಗೆ ಇಳಿಯಿತು. ಆಮೇಲೆ ಅವನು ಕೇಳಿದ್ದು ಒಂದೇ: "ಬಿಲ್ ಐತೇನ್ರಿ?"

ರಸೀತಿ ಎಲ್ಲಿಯೂ ಸಿಗಲಿಲ್ಲ. ನಾನು ಒಂದು ಬಿಳಿಯ ಹಾಳೆ ತೆಗೆದುಕೊಂಡೆ. ಕನ್ನಡಕ ಹಾಕಿಕೊಂಡು ಗಾಡಿಯ ಹೊಟ್ಟೆಯ ಮೇಲಿನ ನಂಬರನ್ನು ಓದಿ ಬರೆದೆ. ನನ್ನ ಹೆಸರು, ವಿಳಾಸ, ಅವನ ಹೆಸರು, ತಾರೀಖು, ಮೊಬಲಗು ಬರೆದು, ಇದು ನಮ್ಮ ಮನೆಯ ಗಾಡಿಯೆಂದೂ ಯಾರಾದರೂ ತಡೆದು ಕೇಳಿದರೆ ನನ್ನನ್ನು ವಿಚಾರಿಸಬೇಕೆಂದೂ ಸೇರಿಸಿ ರುಜು ಹಾಕಿದೆ. ಹುಡುಗ ಎರಡು ಸಲ ಓದಿದ. ಫೋನಿನಲ್ಲಿ ಅದರ ಫೋಟೋ ಹಿಡಿದ. ಆದರೂ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡ. ಗೇಟಿನಾಚೆ ಹೋಗಿ ಬೆಲ್ಲನ್ನು ಒತ್ತಿ ನೋಡಿದ. ಸದ್ದು ಬರಲಿಲ್ಲ. ಅದು ಕೆಟ್ಟು ಒಂದು ವರ್ಷವಾಗಿತ್ತು. ಅದೊಂದನ್ನು ನಾನು ಜಾಹೀರಾತಿನಲ್ಲಿ ಬರೆದಿರಲಿಲ್ಲ.