ಗೋಲು ತಡೆದವರ ಚರಿತ್ರೆ: ಜರ್ನೈಲ್ ಸಿಂಗ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಕ್ರೀಡೆಯ ಬಗ್ಗೆ ಬರೆಯಿರಿ ಎಂದಾಗ ನಾನು ಆರಿಸಿಕೊಂಡದ್ದು ಒಬ್ಬ ಡಿಫೆಂಡರನನ್ನು. ಫುಟ್‌ಬಾಲ್ ವರದಿಯಲ್ಲಿ ಗೋಲು ಹೊಡೆದವರ ಹೆಸರಿರುತ್ತದೆ, ತಡೆದವರದ್ದು ಅಪರೂಪ. (ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಅಷ್ಟೆ. ಕೆಟ್ಟು ನಿಂತ ದಿನ ಎಲ್ಲರೂ ಕೇಳುತ್ತಾರೆ, ಕೆಡದೆ ನಡೆದ ವರ್ಷವನ್ನು ಯಾರೂ ಕೇಳುವುದಿಲ್ಲ.) ಭಾರತದ ಶ್ರೇಷ್ಠ ಡಿಫೆಂಡರ್‌ಗಳಲ್ಲಿ ಒಬ್ಬರಾದ ಜರ್ನೈಲ್ ಸಿಂಗ್ ಅವರನ್ನೂ ಜನ ನೆನೆಯುವುದು ಹೆಚ್ಚಾಗಿ ಅವರು ಹೊಡೆದ ಗೋಲುಗಳಿಗಾಗಿಯೇ.

1936ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿದ ಲಾಯಲ್‌ಪುರದ ಕಡೆ ಹುಟ್ಟಿದ ಜರ್ನೈಲ್, ದೇಶ ವಿಭಜನೆಯ ವೇಳೆಗೆ ಇನ್ನೂ ಬಾಲಕ. ಈಚೆಗೆ ಬಂದು ಪಂಜಾಬಿನ ಮಾಹಿಲ್‌ಪುರದ ಖಾಲ್ಸಾ ಕಾಲೇಜು ಸೇರಿದರು. ಮಾಹಿಲ್‌ಪುರ ದೊಡ್ಡ ಊರೇನಲ್ಲ. ಅಲ್ಲಿನ ಪ್ರಿನ್ಸಿಪಾಲ್ ಹರ್ಭಜನ್ ಸಿಂಗ್ ಅವರ ಫುಟ್‌ಬಾಲ್ ಹುಚ್ಚು ಆ ಊರನ್ನೇ ಆಟಗಾರರ ತವರು ಮಾಡಿತು. ಊರಿನ ಶಾಲೆಯಲ್ಲಿ ಓದಿದ ನಮಗೆ ಇದು ಸಣ್ಣ ಮಾತಲ್ಲ.

1959ರಿಂದ ಸುಮಾರು ಹತ್ತು ವರ್ಷ ಕಲ್ಕತ್ತೆಯ ಮೋಹನ್ ಬಗಾನ್‌ನಲ್ಲಿ ಆಡಿದರು. 1960ರಲ್ಲಿ ರೋಮ್ ಒಲಿಂಪಿಕ್ಸ್‌ಗೂ ಹೋಗಿಬಂದರು. ಆಮೇಲೆ ಬಂತು 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2–0 ಸೋಲು. ಥಾಯ್ಲೆಂಡ್ ಎದುರು ಗೆದ್ದರೂ ಜರ್ನೈಲ್ ತಲೆಗೆ ಪೆಟ್ಟಾಗಿ ಆರು ಹೊಲಿಗೆ ಬಿತ್ತು. ಇನ್ನೊಬ್ಬ ಕೋಚ್ ಆಗಿದ್ದರೆ ಹೊರಗೆ ಕೂರಿಸುತ್ತಿದ್ದರೇನೋ. ಹಿಂದೆ ಶಾಲಾ ಶಿಕ್ಷಕರಾಗಿದ್ದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ಅದೇ ಗಾಯಾಳುವನ್ನು ಮುಂಪಡೆಯಲ್ಲಿ ನಿಲ್ಲಿಸಿದರು! ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಜರ್ನೈಲ್ ಒಂದು ಗೋಲು ಹೊಡೆದರು, ಭಾರತ 3–2ರಿಂದ ಗೆದ್ದಿತು. ಇಸ್ರೇಲ್, ತೈವಾನ್‌ಗಳನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತದ ಜಿ.ಡಿ. ಸೋಂಧಿ ಆಕ್ಷೇಪಿಸಿದ್ದರಿಂದ ಫೈನಲ್ ದಿನ ಮೈದಾನದ ತುಂಬ ನಮ್ಮ ವಿರುದ್ಧವೇ ಕೂಗು. ಎದುರಾಳಿ ಅದೇ ಕೊರಿಯಾ. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು, 2–1, ಚಿನ್ನ. ಕ್ಯಾನ್ಸರ್ ಪೀಡಿತರಾಗಿದ್ದ ರಹೀಮ್ ಮರುವರ್ಷವೇ ತೀರಿಕೊಂಡರು.

1964ರಲ್ಲಿ ಅರ್ಜುನ ಪ್ರಶಸ್ತಿ, ನಂತರ ಭಾರತ ತಂಡದ ನಾಯಕತ್ವ. ಕಲ್ಕತ್ತೆಯ ಹೆಸರು ಬಿಟ್ಟು ಪಂಜಾಬಿಗೆ ಮರಳಿ ಕೋಚ್ ಆದದ್ದೇ ನನಗೆ ಅವರ ದೊಡ್ಡತನವಾಗಿ ಕಾಣುತ್ತದೆ. 1970ರಲ್ಲಿ ಜಲಂಧರ್‌ನ ಸಂತೋಷ್ ಟ್ರೋಫಿಯಲ್ಲಿ ಆಟಗಾರರೂ ಕೋಚರೂ ಅವರೇ. ಫೈನಲ್‌ನಲ್ಲಿ ಎದುರಿಗಿದ್ದದ್ದು ನಮ್ಮದೇ ಮೈಸೂರು ರಾಜ್ಯ, 1967 ಮತ್ತು 1968ರಲ್ಲಿ ಸತತ ಎರಡು ಬಾರಿ ಗೆದ್ದಿದ್ದ ತಂಡ. ಮೊದಲ ಆಟ 1–1 ಸಮ. ಮರುಪಂದ್ಯದಲ್ಲಿ ಪಂಜಾಬ್ 3–1ರಿಂದ ಗೆದ್ದು ಮೊದಲ ಬಾರಿಗೆ ಟ್ರೋಫಿ ಎತ್ತಿತು. ಕನ್ನಡಿಗನಾಗಿ ಬೇಸರವೇ, ಆದರೂ ಒಪ್ಪಬೇಕಾದ ಗೆಲುವು.

1974ರಲ್ಲಿ ಅವರ ತರಬೇತಿಯ ಪಂಜಾಬ್ ಫೈನಲ್‌ನಲ್ಲಿ ಬಂಗಾಳವನ್ನು 6–0ರಿಂದ ಸೋಲಿಸಿತು. ಆ ಕೂಟದಲ್ಲಿ ಇಂದರ್ ಸಿಂಗ್ ಹೊಡೆದ 23 ಗೋಲುಗಳನ್ನು ಜನ ಇಂದಿಗೂ ಹೇಳುತ್ತಾರೆ; ಬಂಗಾಳಕ್ಕೆ ಒಂದು ಗೋಲೂ ಸಿಗಲಿಲ್ಲ ಎಂಬುದನ್ನು ಹೇಳುವವರು ಕಡಿಮೆ. ಮುಂದೆ ಜರ್ನೈಲ್ ಪಂಜಾಬಿನ ಕ್ರೀಡಾ ಇಲಾಖೆಯಲ್ಲಿ ನಿರ್ದೇಶಕರ ಹುದ್ದೆಯವರೆಗೂ ಏರಿದರು. 2000ದ ಅಕ್ಟೋಬರ್‌ನಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನಿಧನರಾದರು.