ಎಂಟು ದಿನ, ಹದಿಮೂರು ದಿನ

ಮಾಲೂರು ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಹೆಂಚು ಮತ್ತು ಇಟ್ಟಿಗೆ. ನನ್ನ ಸೋದರಮಾವ ಅಲ್ಲಿನ ಒಂದು ಹೆಂಚಿನ ಕಾರ್ಖಾನೆಗೆ 1951ರಲ್ಲಿ ಮಣ್ಣು ಹೊರುವ ಆಳಾಗಿ ಸೇರಿದರು. ಇಪ್ಪತ್ತಾರು ವರ್ಷ ಕಳೆಯುವ ಹೊತ್ತಿಗೆ ಗೂಡಿನ ಮೇಸ್ತ್ರಿಯಾಗಿದ್ದರು. ಬೆಂಕಿಯ ಬಣ್ಣವನ್ನು ನೋಡಿಯೇ ಹೆಂಚು ಬೆಂದಿತೇ, ಇನ್ನೂ ಹಸಿಯಿದೆಯೇ ಎಂದು ಹೇಳಬಲ್ಲವರೆಂದು ಅವರಿಗೆ ಹೆಸರಿತ್ತು. ಆ ಕಾಲದಲ್ಲಿ ಅವರು ತೆಗೆದುಕೊಂಡ ರಜೆಗಳನ್ನು ಬೆರಳಿನಲ್ಲಿ ಎಣಿಸಬಹುದಾಗಿತ್ತು.

1977ರಲ್ಲಿ, ಮುಳಬಾಗಿಲು ಸೀಮೆಯ ಆವಣಿಯಲ್ಲಿದ್ದ ಅವರ ತಾಯಿ, ಅಂದರೆ ನಮ್ಮ ಅಜ್ಜಿ, ಹಾಸಿಗೆ ಹಿಡಿದರು. ಮಾವ ಹದಿನೈದು ದಿನದ ರಜೆ ಬರೆದುಕೊಟ್ಟು ಊರಿಗೆ ಬಂದರು. ಹದಿನಾಲ್ಕನೆಯ ದಿನ ಅಜ್ಜಿ ತೀರಿಕೊಂಡರು. ಇನ್ನು ಹದಿಮೂರು ದಿನದ ಕರ್ಮಾಂತರ ಮುಗಿಯಬೇಕಷ್ಟೆ. ಮಾವ ಒಂದು ಕಾರ್ಡು ಬರೆದು ಅಂಚೆಗೆ ಹಾಕಿಸಿದರು. ಆ ಕಾರ್ಡನ್ನು ಅವರಿಗಾಗಿ ಬರೆದವನು ನಾನೇ. ವೈಕುಂಠ ಸಮಾರಾಧನೆ ಮುಗಿದ ಮರುದಿನ ಅವರು ಬೋಳು ತಲೆಯಲ್ಲಿಯೇ ಕಾರ್ಖಾನೆಯ ಬಾಗಿಲಿಗೆ ಹೋದರು. ರಜೆ ಮುಗಿದು ಅಂದಿಗೆ ಹನ್ನೆರಡನೆಯ ದಿನ. ಹಾಜರಿ ಪುಸ್ತಕದ ಗುಮಾಸ್ತರು ಅವರ ಮುಖ ನೋಡದೆ, “ಮೇಸ್ತ್ರಿಗಳೇ, ನಿಮ್ಮ ಹೆಸರು ಪುಸ್ತಕದಲ್ಲಿ ಇಲ್ಲವಲ್ಲ” ಎಂದರಂತೆ.

ರಜೆ ಮುಗಿದ ಎಂಟು ದಿನದೊಳಗೆ ಬಾರದವನು ಹುದ್ದೆಯ ಮೇಲಿನ ಹಕ್ಕನ್ನು ಕಳೆದುಕೊಳ್ಳುತ್ತಾನೆ ಎಂಬ ನಿಯಮವನ್ನು ಬಾಗಿಲ ಬಳಿಯ ಹಲಗೆಯ ಮೇಲೆ ಅಂಟಿಸಿದ್ದರು. ನಿಯಮದ ಪ್ರಕಾರ ಎಂಟು ದಿನ, ಮನೆಯ ಪ್ರಕಾರ ಹದಿಮೂರು ದಿನ. ಈ ಐದು ದಿನದ ವ್ಯತ್ಯಾಸದಲ್ಲಿ ಇಪ್ಪತ್ತಾರು ವರ್ಷ ಮುಳುಗಿಹೋಯಿತು. ಒಂದು ತಿಂಗಳ ಮೇಲೆ, ಗೂಡಿನ ಕೆಲಸ ಕೆಟ್ಟಿತೆಂದು ಮಾಲೀಕರೇ ಹೇಳಿಕಳುಹಿಸಿದರು. ಆದರೆ ಸೇರಿಸಿಕೊಂಡದ್ದು ಹೊಸಬನೆಂದು. ಪಟ್ಟಿಯ ಕಟ್ಟಕಡೆಯಲ್ಲಿ ಹೆಸರು, ಹೊಸಬನ ಕೂಲಿ. ಆಗ ಮಾವನಿಗೆ ಐವತ್ತೆರಡು ವರ್ಷ. ತಾವೇ ಕೆಲಸ ಕಲಿಸಿದ ಹುಡುಗ ಅವರಿಗೆ ಮೇಸ್ತ್ರಿಯಾಗಿದ್ದ. 1983ರಲ್ಲಿ ನಿವೃತ್ತರಾದಾಗ ಅವರ ಕೈಗೆ ಬಂದದ್ದು ಆರು ವರ್ಷದ ಉಪದಾನ, ಜನ ಗ್ರಾಚ್ಯುಯಿಟಿ ಎನ್ನುವ ಹಣ. ದೂರು ಕೊಡಿರೆಂದು ನಾವು ಹೇಳಿದಾಗ, “ಉಂಡ ಮನೆಯ ಜಂತೆ ಎಣಿಸಬಾರದಪ್ಪ” ಎಂದು ಸುಮ್ಮನಾದರು. ಆ ಕಾರ್ಖಾನೆ ಈಗ ಇಲ್ಲ, ಮಾವನೂ ಇಲ್ಲ. ಅವರ ಮೇಲಿನ ಮರುಕಕ್ಕಾಗಿ ಮಾತ್ರ ಇದನ್ನು ಹೇಳುತ್ತಿಲ್ಲ. ಆ ಎಂಟು ದಿನ ಎಲ್ಲಿಂದ ಬಂದಿತು ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು. ಅದಕ್ಕೆ ಉತ್ತರ ಹುಡುಕಹೊರಟರೆ ನಮ್ಮ ಜಿಲ್ಲೆಯ ದುಡಿಮೆಯ ಚರಿತ್ರೆಯನ್ನೇ ಒಮ್ಮೆ ತಿರುವಿಹಾಕಬೇಕಾಗುತ್ತದೆ.

ಕೋಲಾರ ಕೆರೆಗಳ ಸೀಮೆ. ಹಿಂದೆ ಕೆರೆಯ ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚುವವನು ನೀರುಗಂಟಿ. ಅವನಿಗೆ ತಿಂಗಳ ಸಂಬಳವಿರಲಿಲ್ಲ. ಸುಗ್ಗಿಯಲ್ಲಿ ಕಣದ ಬಳಿ ಆಯ ದೊರೆಯುತ್ತಿತ್ತು. ಅವನ ಮನೆಯಲ್ಲಿ ಸಾವಾದರೆ ತಮ್ಮನೋ ಮಗನೋ ತೂಬಿನ ಬಳಿ ಹೋಗಿ ನಿಲ್ಲುತ್ತಿದ್ದ. ಕೆಲಸ ವ್ಯಕ್ತಿಯದಲ್ಲ, ಮನೆಯದು. ಆದುದರಿಂದ ಮನೆಯ ಸಲುವಾಗಿ ನಿಂತ ದಿನಗಳಿಂದ ಕೆಲಸ ಕಡಿದುಹೋಗುತ್ತಿರಲಿಲ್ಲ. ಹಾಗೆಂದು ಆ ಕಾಲವನ್ನು ಹೊಗಳಿ ಕೂರುವ ಅಗತ್ಯವಿಲ್ಲ. ಕೆಲಸ ಮನೆಯದಾದಾಗ ಮನೆಯಲ್ಲಿ ಹುಟ್ಟಿದವನಿಗೆ ಬೇರೆ ದಾರಿಯೂ ಇರಲಿಲ್ಲ. ತೋಟಿಯ ಮಗ ತೋಟಿಯೇ ಆಗಬೇಕಿತ್ತು. ವಂಶಪಾರಂಪರ್ಯದ ಹಳ್ಳಿ ಹುದ್ದೆಗಳನ್ನು ರದ್ದುಗೊಳಿಸಿದ 1961ರ ಶಾಸನ 1963ರಲ್ಲಿ ಜಾರಿಗೆ ಬಂದಾಗ ಅನೇಕರ ಪಾಲಿಗೆ ಅದು ಬಿಡುಗಡೆಯೇ ಆಯಿತು. ಆದರೂ ಒಂದು ಮಾತನ್ನು ಮರೆಯುವಂತಿಲ್ಲ. ದುಡಿಯುವವನಿಗೆ ಒಂದು ಮನೆಯಿದೆ, ಆ ಮನೆಗೆ ಹುಟ್ಟು ಸಾವುಗಳಿವೆ ಎಂಬ ಅರಿವು ಆ ಏರ್ಪಾಟಿನಲ್ಲಿತ್ತು.

ಆ ಅರಿವಿಲ್ಲದ ಲೆಕ್ಕ ನಮ್ಮ ಜಿಲ್ಲೆಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಚಿನ್ನದ ಗಣಿಗಳ ಜೊತೆಯಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಇಲ್ಲಿ ಕಾಲಿಟ್ಟಿತು. 1894ರಲ್ಲಿ, ಇಂದು ಬಂಗಾರಪೇಟೆಯಾಗಿರುವ ಬೌರಿಂಗ್‌ಪೇಟೆಯಿಂದ ಗಣಿಗಳಿಗೆ ರೈಲುದಾರಿ ಬಂದಿತು; 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಚಾಂಪಿಯನ್ ರೀಫ್, ನಂದಿದುರ್ಗ, ಊರಿಗಾಂ, ಮೈಸೂರು ಗಣಿ ಎಂಬ ಹೆಸರುಗಳು ಲಂಡನ್ನಿನ ಷೇರುಪೇಟೆಯಲ್ಲಿ ಕೇಳಿಬಂದವು. ನೆಲದಡಿಗೆ ಇಳಿದವರಲ್ಲಿ ಬಹುಮಂದಿ ಉತ್ತರ ಆರ್ಕಾಟಿನ ಕಡೆಯ ಬಡವರು, ಹೆಚ್ಚಿನವರು ದಲಿತರು. ಊರಿನ ಜಾತಿಕಟ್ಟಿನಿಂದ ತಪ್ಪಿಸಿಕೊಂಡು ಬಂದರೂ ಊರಿನ ನಂಟನ್ನು ಅವರು ಕಡಿದುಕೊಂಡಿರಲಿಲ್ಲ. ಬಿತ್ತನೆಗೆ, ಮದುವೆಗೆ, ಸಾವಿಗೆ ಹೋಗಿಬರುವವರೇ. ಗಣಿಯ ಯಂತ್ರಗಳಾದರೋ ಹಗಲಿರುಳು ಓಡುವಂಥವು. ಇಂದು ಬಂದು ನಾಳೆ ಊರಿಗೆ ಹೋಗುವ ಕೂಲಿಯಾಳು ಕಂಪೆನಿಗಳ ಕಣ್ಣಿಗೆ ನಂಬಿಕೆಗೆ ಅರ್ಹನಲ್ಲದವನಾಗಿ ಕಂಡ. ಯಾರು ಬಂದರು, ಯಾರು ಹೋದರು ಎಂದು ಬರೆದಿಡುವ ಪುಸ್ತಕಗಳು ದಪ್ಪವಾಗುತ್ತ ಹೋದವು. ಕಡೆಗೆ ಬೆರಳಚ್ಚನ್ನೂ ಪಡೆದು ದಾಖಲಿಸುವ ಏರ್ಪಾಟು ಬಂದಾಗ, 1930ರ ಏಪ್ರಿಲಿನಲ್ಲಿ ಕಾರ್ಮಿಕರು ಸುಮಾರು ಮೂರು ವಾರ ಗಣಿಗೆ ಇಳಿಯಲಿಲ್ಲ. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ 1998ರಲ್ಲಿ ಪ್ರಕಟಿಸಿದ ಗ್ರಂಥವನ್ನು ಓದಿದವರಿಗೆ ಆ ದಿನಗಳ ಚಿತ್ರ ದೊರೆಯುತ್ತದೆ. ಆ ಜನರ ಸಿಟ್ಟು ಕೇವಲ ಶಾಯಿಯ ಮೇಲಿನದಲ್ಲ ಎಂದೇ ನನ್ನ ಎಣಿಕೆ. ಹೋಗಿಬರುವ ತಮ್ಮ ಸ್ವಾತಂತ್ರ್ಯ ಇನ್ನೊಬ್ಬರ ಪುಸ್ತಕದಲ್ಲಿ ಸಿಕ್ಕಿಬಿದ್ದಿತೆಂದು ಅವರು ಅರಿತಿದ್ದರು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಕಾರ್ಖಾನೆಗಳ ಸ್ಥಾಯೀ ಆದೇಶಗಳ ಶಾಸನ ಬಂದಿತು. ಮಾಲೀಕನ ಬಾಯಿಮಾತೇ ಕಾನೂನಾಗಿದ್ದ ಕಡೆ ಲಿಖಿತ ನಿಯಮಗಳಿರಲಿ, ಅವು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಬಾಗಿಲ ಬಳಿ ಇರಲಿ ಎಂಬುದು ಅದರ ಒಳ್ಳೆಯ ಉದ್ದೇಶ. ಆದರೆ ಅದರಡಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ನಿಯಮಗಳಲ್ಲಿಯೇ ಆ ಎಂಟು ದಿನದ ಮಾತು ಸೇರಿಕೊಂಡಿತು: ರಜೆ ಮುಗಿದ ಎಂಟು ದಿನದೊಳಗೆ ಮರಳಿ ಬಂದು, ತಡವಾದದ್ದಕ್ಕೆ ಮಾಲೀಕನಿಗೆ ಒಪ್ಪಿಗೆಯಾಗುವಂತೆ ಕಾರಣ ಹೇಳದಿದ್ದರೆ ಹುದ್ದೆಯ ಹಕ್ಕು ಹೋಗುತ್ತದೆ. ಎರಡು ವರ್ಷದ ನೌಕರನಿಗೂ ಇಪ್ಪತ್ತಾರು ವರ್ಷದ ನೌಕರನಿಗೂ ಅವೇ ಎಂಟು ದಿನ. 1960ರ ದಶಕದಲ್ಲಿ ಮದರಾಸಿನ ಒಂದು ಗಿರಣಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇಂತಹ ನಿಯಮವನ್ನು ಎತ್ತಿಹಿಡಿಯಿತು. ಮೇಲುನೋಟಕ್ಕೆ ಇದು ಎಲ್ಲರನ್ನೂ ಸಮನಾಗಿ ಕಾಣುವ ನಿಯಮ. ಆದರೆ ಕಳೆದುಕೊಳ್ಳಲು ಹೆಚ್ಚು ಇರುವವನು ಹಳಬ. ಎರಡು ವರ್ಷದವನು ಎರಡು ವರ್ಷ ಕಳೆದುಕೊಂಡರೆ ಹಳಬನು ಒಂದು ಆಯುಷ್ಯವನ್ನೇ ಕಳೆದುಕೊಳ್ಳುತ್ತಾನೆ. ಅಪ್ಪ ಅಮ್ಮಂದಿರು ಹಾಸಿಗೆ ಹಿಡಿಯುವುದೂ ಸಾಮಾನ್ಯವಾಗಿ ಅವನ ವಯಸ್ಸಿನಲ್ಲಿಯೇ.

ಮನೆಯ ಹೊಣೆಯನ್ನು ಅನುಮಾನದಿಂದ ಕಾಣುವ ಈ ಬುದ್ಧಿ ಹೆಂಚಿನ ಗೂಡಿನ ಬಳಿ ಮಾತ್ರ ಇದ್ದಿತೆಂದು ತಿಳಿಯಬಾರದು. ದೆಹಲಿಯ ವಿದೇಶಾಂಗ ಸೇವೆಯಲ್ಲಿಯೂ ಇತ್ತು. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮ ಆ ಸೇವೆಗೆ ಸೇರಿದ ಮೊದಲ ಮಹಿಳೆ. 1949ರಲ್ಲಿ ಸೇರಿದಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಅವರಿಂದ ಬರೆಸಿಕೊಳ್ಳಲಾಗಿತ್ತು. ಮದುವೆಯಾದ ಮಹಿಳೆಯ ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೇಳಬಹುದೆಂಬ ನಿಯಮವೇ ಅಲ್ಲಿತ್ತು. ಮದುವೆಯಾದ ಪುರುಷನ ಸಂಸಾರ ಯಾರ ಕಣ್ಣಿಗೂ ಅಡ್ಡಿಯಾಗಿ ಕಂಡಿರಲಿಲ್ಲ! ಸುಮಾರು ಮೂವತ್ತು ವರ್ಷದ ಸೇವೆಯ ಮೇಲೂ ಬಡ್ತಿಯಲ್ಲಿ ಹಿಂದೆ ಸರಿಸಿದಾಗ ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅಷ್ಟರಲ್ಲಿ ಅವರಿಗೆ ಬಡ್ತಿ ದೊರೆತಿತ್ತು. ಆದರೂ 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಆ ನಿಯಮಗಳ ತಾರತಮ್ಯವನ್ನು ಕಟುವಾಗಿ ಎತ್ತಿತೋರಿಸಿ, ಅವನ್ನೂ ಅವರ ಜ್ಯೇಷ್ಠತೆಯ ನಷ್ಟವನ್ನೂ ಪರಿಶೀಲಿಸುವಂತೆ ಸರ್ಕಾರಕ್ಕೆ ಹೇಳಿದರು. ಮುತ್ತಮ್ಮನವರು ಮದುವೆಯಾಗಿರಲೇ ಇಲ್ಲ. ತೆಗೆದುಕೊಳ್ಳದ ರಜೆಗೂ, ಕಟ್ಟದ ಸಂಸಾರಕ್ಕೂ ಮುಂಚಿತವಾಗಿಯೇ ದಂಡ ತೆರಬೇಕಾಗಿತ್ತು.

ಕಾನೂನು ಕಲಿಯಲಿಲ್ಲವೆಂದಲ್ಲ, ಕಲಿಯಿತು, ಆದರೆ ನಿಧಾನವಾಗಿ. 1961ರ ಹೆರಿಗೆ ಸೌಲಭ್ಯ ಶಾಸನ ಹನ್ನೆರಡು ವಾರದ ರಜೆಯನ್ನು ಕೊಟ್ಟು, ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವುದನ್ನು ನಿಷೇಧಿಸಿತು. ಹನ್ನೆರಡು ವಾರ 2017ರಲ್ಲಿ ಇಪ್ಪತ್ತಾರಾಯಿತು. 1964ರಲ್ಲಿ ಕೈಗಾರಿಕಾ ವಿವಾದಗಳ ಶಾಸನಕ್ಕೆ ಆದ ತಿದ್ದುಪಡಿಯಲ್ಲಿ ‘ನಿರಂತರ ಸೇವೆ’ಯ ಅರ್ಥ ಸ್ಪಷ್ಟವಾಯಿತು: ಕಾಯಿಲೆಯಿಂದಲೋ ಒಪ್ಪಿಗೆಯಾದ ರಜೆಯಿಂದಲೋ ಸೇವೆ ಕಡಿದಂತಾಗದು. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನು ವರ್ಷವಿಡೀ ದುಡಿದಂತೆಯೇ; ನೆಲದಡಿಯ ಗಣಿಯಲ್ಲಿ ದುಡಿಯುವವನಿಗೆ 190 ದಿನವೇ ಸಾಕು. ನಮ್ಮ ಚಿನ್ನದ ಗಣಿಯವರಂತೆ ಪಾತಾಳಕ್ಕೆ ಇಳಿದವರ ಒಂದು ದಿನ ನಮ್ಮ ಒಂದು ದಿನಕ್ಕಿಂತ ಭಾರವೆಂದು ಶಾಸನವೇ ಒಪ್ಪಿಕೊಂಡಿತು. 1972ರ ಉಪದಾನ ಶಾಸನ ಐದು ವರ್ಷ ದುಡಿದವನಿಗೆ ವರ್ಷಕ್ಕೆ ಹದಿನೈದು ದಿನದ ವೇತನದಂತೆ ಹಕ್ಕು ಕೊಟ್ಟಿತು. ಅದನ್ನು ಓದಿದ ಮೇಲೆಯೇ ನನಗೆ ತಿಳಿದದ್ದು: ಮಾವನನ್ನು ಹೊಸಬನೆಂದು ಸೇರಿಸಿಕೊಂಡರೂ, ಹಿಂದಿನ ಇಪ್ಪತ್ತಾರು ವರ್ಷದ ಉಪದಾನ ಅವರಿಗೆ ಸಲ್ಲಬೇಕಾಗಿಯೇ ಇತ್ತು. ಹಕ್ಕು ಇತ್ತು, ಹಕ್ಕಿದೆಯೆಂದು ಹೇಳುವವರು ಇರಲಿಲ್ಲ. ಅಕ್ಷರ ಬಲ್ಲ ನಾನಾದರೂ ಅಂದು ಬರೆದದ್ದು ಒಂದು ಕಾರ್ಡು ಮಾತ್ರ.

ಎಂಟು ದಿನದ ನಿಯಮಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1993ರಲ್ಲಿ. ಜೀವನೋಪಾಯವನ್ನು ಕಸಿಯುವ ಮೊದಲು ನೌಕರನ ಮಾತನ್ನು ಕೇಳಲೇಬೇಕು, ಗೈರುಹಾಜರಿಯ ನೆಪದಲ್ಲಿ ಸುಮ್ಮನೆ ಹೆಸರು ಹೊಡೆದುಹಾಕುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 1998ರಲ್ಲಿ, ಉತ್ತರ ಪ್ರದೇಶದ ಎಲೆಕ್ಟ್ರಾನಿಕ್ಸ್ ಸಂಸ್ಥೆಯೊಂದರಲ್ಲಿ ಹೆರಿಗೆ ರಜೆಯ ನಂತರ ತಡವಾಯಿತೆಂದು ಕೆಲಸ ಕಳೆದುಕೊಂಡಿದ್ದ ಮಹಿಳೆಯ ಪ್ರಕರಣದಲ್ಲಿಯೂ ಅದೇ ಮಾತನ್ನು ಗಟ್ಟಿಮಾಡಿತು. ಮಾವನ ಪಾಲಿಗೆ ಇದು ಹದಿನಾರು ವರ್ಷ ತಡ. ಚಿನ್ನದ ಗಣಿಗಳೂ ಹೆಚ್ಚು ದಿನ ಉಳಿಯಲಿಲ್ಲ. 1956ರಲ್ಲಿ ರಾಷ್ಟ್ರೀಕರಣಗೊಂಡು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರು ಪಡೆದು, 2001ರ ಫೆಬ್ರವರಿ 28ರಂದು ಮುಚ್ಚಿದವು. ಇಲ್ಲಿ ನಾನು ಹೆಸರಿಸಿದ ಕಾರ್ಮಿಕ ಶಾಸನಗಳೂ 2025ರ ನವೆಂಬರ್ 21ರಿಂದ ಹೊಸ ಸಂಹಿತೆಗಳೊಳಗೆ ಸೇರಿಹೋಗಿವೆ.

ಇಷ್ಟಾದರೂ ಒಂದು ಕೊರತೆ ಹಾಗೆಯೇ ಉಳಿದಿದೆ. ನಮ್ಮ ಕಾರ್ಮಿಕ ಶಾಸನ ಹುಟ್ಟನ್ನು ಬಲ್ಲದು, ಸಾವನ್ನು ಅರಿಯದು. ತಾಯಿಯಾಗುವವಳಿಗೆ ರಜೆಯಿದೆ, ತಾಯಿಯನ್ನು ಕಳೆದುಕೊಳ್ಳುತ್ತಿರುವವನಿಗೆ ಖಾಸಗಿ ಕಾರ್ಖಾನೆಯಲ್ಲಿ ಅದಕ್ಕೆಂದೇ ಹೇಳಿದ ರಜೆಯ ಹಕ್ಕಿಲ್ಲ. ಅಮೆರಿಕದಲ್ಲಿ 1993ರ ಒಂದು ಶಾಸನ, ಸಂಬಳವಿಲ್ಲದಿದ್ದರೂ, ಕಾಯಿಲೆ ಬಿದ್ದ ತಂದೆತಾಯಿಯರನ್ನು ನೋಡಿಕೊಳ್ಳಲು ಹನ್ನೆರಡು ವಾರ ಬಿಟ್ಟುಕೊಟ್ಟು ಹುದ್ದೆಯನ್ನು ಕಾಯ್ದಿರಿಸುತ್ತದೆ. ಮನೆಯ ಹೊಣೆ ಕೆಲಸದಿಂದ ತೆಗೆಯಲು ಕಾರಣವಾಗಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1981ರಲ್ಲಿಯೇ ಒಪ್ಪಂದ ಮಾಡಿತು. ಭಾರತ ಅದಕ್ಕೆ ಸಹಿ ಹಾಕಿಲ್ಲ. ಆದರೆ ಮುಪ್ಪಿನ ತಂದೆತಾಯಿಯರನ್ನು ಸಾಕದ ಮಕ್ಕಳನ್ನು ವಿಚಾರಿಸಲು 2007ರಲ್ಲಿ ಶಾಸನ ಮಾಡಿದ್ದೇವೆ. ಸಾಕು ಎಂದು ಆಜ್ಞೆ ಮಾಡುವ ಕಾನೂನು, ಸಾಕಲು ಬೇಕಾದ ದಿನಗಳನ್ನು ಕೊಡಲು ಹಿಂಜರಿಯುತ್ತದೆ.

ಇಂದು ನರಸಾಪುರದಲ್ಲಿ, ವೇಮಗಲ್ಲಿನಲ್ಲಿ, ಮಾಲೂರಿನಲ್ಲಿ ದೊಡ್ಡ ದೊಡ್ಡ ಕಾರ್ಖಾನೆಗಳಿವೆ. ಬೆಳಗಿನ ಹೊತ್ತು ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹಳ್ಳಿಗಳಿಂದ ಹುಡುಗರು, ಹುಡುಗಿಯರು ಬಸ್ಸು ಹತ್ತುವುದನ್ನು ನೋಡುತ್ತೇನೆ. ಅವರಿಗೆ ಈಗ ಇಪ್ಪತ್ತು, ಇಪ್ಪತ್ತೈದು. ಅವರಿಗೂ ಒಂದು ದಿನ ಐವತ್ತೆರಡಾಗುತ್ತದೆ. ಅವರ ತಾಯಂದಿರೂ ಹಾಸಿಗೆ ಹಿಡಿಯುತ್ತಾರೆ. ಅಂದು ಊರಿಗೆ ಹೋಗಿ, ಮಾಡಬೇಕಾದ್ದನ್ನು ಮಾಡಿ, ಹದಿನಾಲ್ಕನೆಯ ದಿನ ಅವರು ಬಾಗಿಲಿಗೆ ಬಂದಾಗ ಅವರ ಹೆಸರು ಪುಸ್ತಕದಲ್ಲಿ, ಅದಿದ್ದ ಸಾಲಿನಲ್ಲಿಯೇ ಇರಬೇಕು. ಮಾವ ಕೇಳದೆ ಬಿಟ್ಟದ್ದು ಇಷ್ಟೇ.